ಆಟಿಯ ಅಟ್ಟ, ಫಿಂಟಾಸಿನ ಕಪಾಟು

ಫಿಂಟಾಸಿನಲ್ಲಿ ಬಹುಕಾಲದಿಂದ ಸಂಸಾರ ಹೂಡಿರುವ ನಮ್ಮವರ ಮನೆಗಳಿಗೆ ಹೋದಾಗ ಎರಡು ವಸ್ತುಗಳು ಕಣ್ಣಿಗೆ ಬೀಳುವುದುಂಟು. ಅಡಿಗೆಮನೆಯ ಮೂಲೆಯಲ್ಲಿ ಇನ್ನೂ ಬಾಯಿ ಬಿಚ್ಚದ ಒಂದು ಅಕ್ಕಿ ಚೀಲ. ಮಲಗುವ ಕೋಣೆಯ ಕಪಾಟಿನ ಮೇಲ್ಗಡೆ, ಕೈಗೆ ಸಿಗುವ ಹಾಗೆ, ಒಂದು ಸಣ್ಣ ಕೈಚೀಲ. ಅಕ್ಕಿ ಚೀಲ ತಿಂಗಳಿಗೊಮ್ಮೆ ಬದಲಾಗುತ್ತದೆ. ಹಳೆಯದನ್ನು ಬಿಚ್ಚುವ ಮುಂಚೆ ಹೊಸದು ಬಂದು ಅದರ ಜಾಗದಲ್ಲಿ ಕೂಡುತ್ತದೆ. ಕೈಚೀಲ ಮಾತ್ರ ವರ್ಷಾನುಗಟ್ಟಲೆ ಅಲ್ಲೇ ಇರುತ್ತದೆ. ಅದರೊಳಗೆ ಪಾಸ್‌ಪೋರ್ಟಿನ ನಕಲು, ಮಕ್ಕಳ ಜನನ ಪತ್ರ, ಮದುವೆಯ ದಾಖಲೆ, ಬ್ಯಾಂಕಿನ ಕಾಗದಗಳು, ಸ್ವಲ್ಪ ನಗದು.

ಹೊಸದಾಗಿ ಬಂದ ತರುಣರು ಇದನ್ನು ಕಂಡು ನಗುವುದುಂಟು. "ಮಾಮಿ, ಕೆಳಗೇ ಜಮಿಯಾ ಇರುವಾಗ ಇಷ್ಟು ಅಕ್ಕಿ ಯಾಕೆ?" ಎಂದು ಕೇಳುತ್ತಾರೆ. ಮಾಮಿಯವರು ಏನೂ ಹೇಳದೆ ಚಹಾ ಕೊಡುತ್ತಾರೆ. ಆ ಹೇಳದೆ ಬಿಟ್ಟ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆದಿಡಬೇಕೆಂದು ನಮಗೆ ತೋರಿತು. ಆಪತ್ತಿಗೆಂದು ಮನೆಯಲ್ಲಿ ಏನನ್ನಾದರೂ ಎತ್ತಿಡುವುದು ನಮಗೆ ಕುವೈತ್ ಕಲಿಸಿದ ಪಾಠವಲ್ಲ. ಅದು ಊರಿನಿಂದಲೇ ಬಂದದ್ದು. ಆದರೆ ಅದು ಎಲ್ಲಿ ಸಾಲುತ್ತದೆ, ಎಲ್ಲಿ ಸಾಲದು ಎಂಬುದನ್ನು ನಮಗೆ ಕಲಿಸಿದ್ದು ಮಾತ್ರ ಈ ನಾಡು.

ಊರಿನ ಅಟ್ಟ

ನಮ್ಮಲ್ಲಿ ಹೆಚ್ಚಿನವರು ಕರಾವಳಿಯವರು. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಮನೆಯ ಹೆಂಗಸರು ಏನೆಲ್ಲ ಮಾಡಿ ಮುಗಿಸುತ್ತಿದ್ದರು ಎಂಬುದನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಹಪ್ಪಳ, ಸಂಡಿಗೆ ಒಣಗಿಸಿ ಡಬ್ಬಿ ತುಂಬಬೇಕು. ಮಾವಿನ ಮಿಡಿ ಭರಣಿ ಸೇರಬೇಕು. ಹಲಸಿನ ಸೊಳೆ ಉಪ್ಪಿನಲ್ಲಿ ಬೀಳಬೇಕು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮೂಲೆಯಲ್ಲಿ ರಾಶಿ ಹಾಕಬೇಕು. ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗಹಾಕಬೇಕು. ಮೀನು ತಿನ್ನುವ ಮನೆಯಾದರೆ ಒಣಮೀನು ಬೇರೆ. ಕಟ್ಟಿಗೆ ಒಡೆದು ಕೊಟ್ಟಿಗೆಯ ಬದಿಗೆ ಪೇರಿಸಬೇಕು. ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಯ ಮುಡಿಗಳು ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಜಾಗದಲ್ಲಿ ಕೂರುತ್ತಿದ್ದುವು. ಹೊಗೆ ತಾಗಿದರೆ ಹುಳ ಹತ್ತುವುದಿಲ್ಲ.

ಇದೆಲ್ಲ ಆಟಿ ತಿಂಗಳಿಗಾಗಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಗದ್ದೆಯ ಕೆಲಸ ಮುಗಿದಿರುತ್ತದೆ, ಕೂಲಿ ಇರುವುದಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ, ಹೊಳೆ ದಾಟಿ ಸಂತೆಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ಇದ್ದದ್ದರಲ್ಲೇ ದಿನ ತಳ್ಳಬೇಕು. ಪೂರೈಕೆ ನಿಂತುಹೋದಾಗ ಮನೆ ಹೇಗೆ ನಡೆಯಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ವರ್ಷಕ್ಕೊಮ್ಮೆ ಉತ್ತರ ಬರೆಯುತ್ತಿದ್ದರು. ಆದರೂ ಕೆಲವು ವರ್ಷಗಳ ಮುಂದೆ ಆ ಉತ್ತರ ಸಾಲಲಿಲ್ಲ. 1923ರಲ್ಲಿ ಮತ್ತು 1974ರಲ್ಲಿ ನೇತ್ರಾವತಿ ಉಕ್ಕಿದಾಗ ಅಟ್ಟವೂ ಸೇರಿದಂತೆ ಮನೆಗಳೇ ನೀರು ಪಾಲಾದುವು. 1923ರ ಆ ನೆರೆಗೆ ತುಳುವಿನಲ್ಲಿ ಮಾರಿಬೊಳ್ಳ ಎಂದೇ ಹೆಸರು.

ಬಯಲುಸೀಮೆಯವರ ಪದ್ಧತಿ ಬೇರೆ. ಅವರದು ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿಗೆ ಒಳಗಿನಿಂದ ಹುಲ್ಲು ಹೊದಿಸಿ, ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಮಣ್ಣು ಮುಚ್ಚಿ ಮೆತ್ತಿಬಿಟ್ಟರೆ ಧಾನ್ಯ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆಗೆದ ತಕ್ಷಣ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಅನ್ನವನ್ನು ಕಾಪಾಡುವ ಗುಂಡಿಯೇ ಪ್ರಾಣ ತೆಗೆಯಬಲ್ಲುದು ಎಂಬ ಎಚ್ಚರ ಅವರಿಗಿತ್ತು.

ಹಗೇವು ಇದ್ದ ನಾಡಿನಲ್ಲೂ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಅಜ್ಜಂದಿರು ಹೇಳುತ್ತಿದ್ದ 1876ರಿಂದ 1878ರ ಕ್ಷಾಮದಲ್ಲಿ ಮೈಸೂರು ಸೀಮೆಯೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂದು ಲೆಕ್ಕ. 1871ರ ಜನಗಣತಿಯಲ್ಲಿ 50 ಲಕ್ಷದಷ್ಟಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಹೊಲ ಇದ್ದವನಿಗೆ ಹಗೇವು ಇತ್ತು. ಅವನು ಕೆಲವು ತಿಂಗಳಾದರೂ ತಡೆದುಕೊಂಡ. ಕೂಲಿಯವನಿಗೂ ಮಗ್ಗದವನಿಗೂ ಹಗೇವು ತೋಡಲು ಹೊಲವೂ ಇರಲಿಲ್ಲ, ತುಂಬಲು ರಾಗಿಯೂ ಇರಲಿಲ್ಲ. ಮೊದಲು ದಾರಿಯಲ್ಲಿ ಬಿದ್ದವರು ಅವರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಫಿಂಟಾಸಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಕಡಲ ಕರೆಯ ಹಳೆಯ ಫಿಂಟಾಸ್

ಇಂದು ಕಡಲ ಬದಿಯಲ್ಲಿ ಸಾಲಾಗಿ ನಿಂತಿರುವ ಎತ್ತರದ ಕಟ್ಟಡಗಳನ್ನು ನೋಡುವವರಿಗೆ ಫಿಂಟಾಸ್ ಒಂದು ಹಳ್ಳಿಯಾಗಿತ್ತೆಂದರೆ ನಂಬಿಕೆ ಬಾರದು. ಕುವೈತ್ ಪಟ್ಟಣದ ತೆಂಕಣಕ್ಕೆ ಕಡಲ ಕರೆಯುದ್ದಕ್ಕೂ ಇದ್ದ ಫಿಂಟಾಸ್, ಅಬು ಹಲೀಫಾ, ಫಹಾಹೀಲ್ ಮೊದಲಾದ ಹಳ್ಳಿಗಳಲ್ಲಿ ಬಾವಿಗಳಿದ್ದುವು, ಖರ್ಜೂರದ ಮರಗಳಿದ್ದುವು, ಸ್ವಲ್ಪ ಬೇಸಾಯವೂ ಮೀನುಗಾರಿಕೆಯೂ ನಡೆಯುತ್ತಿತ್ತು. ಬಾವಿ ಇದ್ದದ್ದರಿಂದಲೇ ಅಲ್ಲಿ ಹಳ್ಳಿ ಹುಟ್ಟಿತು. ಪಟ್ಟಣದವರಿಗೆ ಆ ಅನುಕೂಲವೂ ಸಾಲದಷ್ಟೇ ಇತ್ತು. ಅವರಿಗೆ ಕುಡಿಯುವ ನೀರು ಶತ್ತುಲ್ ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಬರುತ್ತಿತ್ತು. ಕತ್ತೆಯ ಮೇಲೆ, ಇಲ್ಲವೆ ಹೆಗಲ ಮೇಲಿನ ಕೋಲಿಗೆ ಎರಡು ತಗಡಿನ ಡಬ್ಬ ತೂಗಹಾಕಿಕೊಂಡು ನೀರು ಮಾರುವವರು ಬೀದಿಬೀದಿ ತಿರುಗುತ್ತಿದ್ದರು. ಗಾಳಿ ಎದುರಾಗಿ ದೋಣಿ ತಡವಾದರೆ ಊರಿಗೆ ಊರೇ ಬಾಯಾರಬೇಕು. ಹಾಗಾಗಿ ಅನುಕೂಲವಿದ್ದ ಮನೆಯ ಅಂಗಳದ ಕೆಳಗೆ ನೀರಿನ ತೊಟ್ಟಿ ಇರುತ್ತಿತ್ತು, ಅದಕ್ಕೆ ಬಿರ್ಕಾ ಎಂದು ಹೆಸರು. ಮಳೆ ಬಂದರೆ ಮಾಳಿಗೆಯ ನೀರೂ ಅದಕ್ಕೇ. ಅಕ್ಕಿ, ಖರ್ಜೂರ, ತುಪ್ಪಗಳನ್ನು ಇಡುವುದಕ್ಕೆಂದೇ ಒಂದು ಕೋಣೆ ಬೇರೆ. ನಮ್ಮ ಅಟ್ಟ, ಅವರ ಉಗ್ರಾಣದ ಕೋಣೆ. ಎರಡರ ಹಿಂದಿನ ಬುದ್ಧಿ ಒಂದೇ.

ಆ ಕೋಣೆಗೆ ಸೇರುತ್ತಿದ್ದ ಅಕ್ಕಿ ಬಹುಮಟ್ಟಿಗೆ ನಮ್ಮ ದೇಶದ್ದು. ಬಸ್ರಾದ ಖರ್ಜೂರ ಹೇರಿಕೊಂಡು ಕುವೈತಿನ ಹಡಗುಗಳು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳಿಗೆ ಹೋಗಿ ಮರ, ಅಕ್ಕಿ, ತೆಂಗಿನ ನಾರಿನ ಹಗ್ಗ, ಸಾಂಬಾರ ಜೀನಸುಗಳನ್ನು ತುಂಬಿ ಮರಳುತ್ತಿದ್ದುವು. ಇಲ್ಲಿ 1961ರವರೆಗೆ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ. ಆ ವರ್ಷ ದಿನಾರ್ ಬಂತು. ನಮ್ಮವರು ಈ ನಾಡಿಗೆ ಬಂದದ್ದು ಎಣ್ಣೆಯಿಂದ ಎನ್ನುವುದು ನಿಜವಾದರೂ, ನಮ್ಮ ಅಕ್ಕಿ ಇಲ್ಲಿಗೆ ಎಣ್ಣೆಗಿಂತ ಬಹಳ ಮೊದಲೇ ಬಂದಿತ್ತು.

ಇಲ್ಲಿಯ ಹಳಬರೂ ತಮ್ಮ ಕಷ್ಟದ ವರ್ಷಗಳಿಗೆ ಹೆಸರಿಟ್ಟಿದ್ದಾರೆ. 1934ರಲ್ಲಿ ಬಿದ್ದ ಮಹಾಮಳೆಗೆ ಮಣ್ಣಿನ ಗೋಡೆಗಳು ಕರಗಿ ಮನೆಗಳು ಕುಸಿದುವು. ಅದು ಹದಾಮಾ ವರ್ಷ, ಎಂದರೆ ಕುಸಿತದ ವರ್ಷ. 1954ರಲ್ಲಿ ಅಂಥದೇ ಇನ್ನೊಂದು ಬಂತು. ಮರುಭೂಮಿಯಲ್ಲಿ ಮಳೆಯಿಂದ ಮನೆ ಬಿದ್ದೀತೆಂದು ಯಾರು ತಾನೆ ಸಿದ್ಧರಾಗಿರುತ್ತಾರೆ? ನಾವು ಎದುರು ನೋಡುತ್ತಿರುವ ದಿಕ್ಕಿನಿಂದಲೇ ಆಪತ್ತು ಬರುತ್ತದೆಂದು ನಿಯಮವಿಲ್ಲ.

1946ರ ಜೂನ್ 30ರಂದು ಮೊದಲ ಎಣ್ಣೆಯ ಹಡಗು ಹೊರಟ ಮೇಲೆ ಎಲ್ಲವೂ ಬದಲಾಯಿತು. ಅಹ್ಮದಿ ಪಟ್ಟಣ ಹುಟ್ಟಿತು. ಭಾರತದಿಂದ ಗುಮಾಸ್ತರು, ಮೆಕ್ಯಾನಿಕರು, ದಾದಿಯರು ಬಂದರು. 1953ರಲ್ಲಿ ಸಮುದ್ರದ ನೀರನ್ನು ಭಟ್ಟಿಯಿಳಿಸಿ ದಿನಕ್ಕೆ 10 ಲಕ್ಷ ಗ್ಯಾಲನ್ ಸಿಹಿನೀರು ಕೊಡುವ ಸ್ಥಾವರ ನಡೆಯತೊಡಗಿತು. ನೀರಿನ ದೋಣಿಗಳು ನಿಂತುವು. 1962ರ ಕಾನೂನಿನಡಿ ಬಡಾವಣೆ ಬಡಾವಣೆಗೂ ಸಹಕಾರ ಸಂಘದ ಅಂಗಡಿಗಳು, ನಾವು ಜಮಿಯಾ ಎನ್ನುವಂಥವು, ತೆರೆದುವು. ನಲ್ಲಿ ತಿರುಗಿಸಿದರೆ ನೀರು, ಕೆಳಗೆ ಇಳಿದರೆ ಅಕ್ಕಿ. ಅಂಗಳದ ತೊಟ್ಟಿಯೂ ಉಗ್ರಾಣದ ಕೋಣೆಯೂ ಯಾರಿಗೂ ಬೇಡವಾದುವು. ನಮ್ಮವರೂ ಅಟ್ಟವನ್ನು ಊರಲ್ಲೇ ಬಿಟ್ಟು ಬಂದಿದ್ದರು.

1990ರ ಆಟಿ

1990ರ ಆಗಸ್ಟ್ 2, ಗುರುವಾರ. ಊರಿನಲ್ಲಿ ಆಟಿ ತಿಂಗಳು. ಶಾಲೆಗಳಿಗೆ ರಜೆ ಇದ್ದುದರಿಂದ ಅನೇಕರ ಮನೆಯವರು ಊರಿಗೆ ಹೋಗಿದ್ದರು. ಗಂಡಸರು ಒಬ್ಬೊಬ್ಬರೇ ಇದ್ದರು. ಬೆಳಗಾಗುವುದರೊಳಗೆ ಇರಾಕಿನ ಸೈನ್ಯ ಪಟ್ಟಣದೊಳಗಿತ್ತು. ಹೊರದೇಶಕ್ಕೆ ಟೆಲಿಫೋನ್ ನಿಂತಿತು. ಬ್ಯಾಂಕುಗಳು ಬಾಗಿಲೆಳೆದುವು. ವಿಮಾನ ನಿಲ್ದಾಣ ಮುಚ್ಚಿತು. ಆಗ ಈ ನಾಡಿನಲ್ಲಿದ್ದ ಭಾರತೀಯರು ಸುಮಾರು 1 ಲಕ್ಷ 70 ಸಾವಿರ.

ಆ ದಿನಗಳನ್ನು ಕಂಡ ಹಿರಿಯರು ನಮ್ಮೊಡನೆ ಹಂಚಿಕೊಂಡ ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಹೆಸರುಗಳು ಬೇಡವೆಂದು ಅವರೇ ಹೇಳಿದ್ದಾರೆ.

ಮೊದಲು ಮುಗಿದದ್ದು ಅಕ್ಕಿಯಲ್ಲ. ಅಕ್ಕಿ ನಮ್ಮವರ ಮನೆಯಲ್ಲಿ ಹೇಗೂ ಒಂದಿಷ್ಟು ಇರುತ್ತದೆ. ಮೊದಲು ಮುಗಿದದ್ದು ಮಕ್ಕಳ ಹಾಲಿನ ಪುಡಿ, ಸಕ್ಕರೆ ಕಾಯಿಲೆಯವರ ಔಷಧಿ, ರೇಡಿಯೋದ ಸೆಲ್ಲು. ಟೆಲಿಫೋನ್ ಇಲ್ಲದ ಮೇಲೆ ಸುದ್ದಿಗೆ ಉಳಿದದ್ದು ಕಿರುತರಂಗದ ರೇಡಿಯೋ ಒಂದೇ. ಒಂದು ಕಟ್ಟಡದಲ್ಲಿ ನಾಲ್ಕು ಸೆಲ್ಲು ಉಳಿದವರ ಮನೆಗೆ ರಾತ್ರಿ ಹದಿನೈದು ಜನ ಸೇರಿ, ಸುದ್ದಿ ಮುಗಿದೊಡನೆ ರೇಡಿಯೋ ಆರಿಸಿ, ಆ ಸೆಲ್ಲುಗಳನ್ನು ಬಿಸಿಲಲ್ಲಿಟ್ಟು ಮಾರನೆಯ ದಿನಕ್ಕೆ ಎಳೆಯುತ್ತಿದ್ದರಂತೆ.

ಎರಡನೆಯದು ಹಣ. ಬ್ಯಾಂಕಿನ ಪುಸ್ತಕದಲ್ಲಿ ಎಷ್ಟೇ ಇದ್ದರೂ ಅದು ಕೈಗೆ ಬರಲಿಲ್ಲ. ಕುವೈತಿನ ದಿನಾರೂ ಇರಾಕಿನ ದಿನಾರೂ ಸಮವೆಂದು ಸಾರಿದರು. ಬಳಿಕ ಕುವೈತಿನ ದಿನಾರನ್ನೇ ರದ್ದುಮಾಡಿದರು. ಇಪ್ಪತ್ತು ವರ್ಷದ ದುಡಿಮೆ ಒಂದು ಆಜ್ಞೆಯಿಂದ ಕಾಗದವಾಯಿತು. ಆಗ ದಾರಿಯ ಖರ್ಚಿಗೆ ಒದಗಿದ್ದು ಹೆಂಡತಿ ಬಿಟ್ಟುಹೋಗಿದ್ದ ಬಳೆ, ಮತ್ತು ಪೆಟ್ಟಿಗೆಯಲ್ಲಿ ಮರೆತುಹೋಗಿದ್ದ ಹತ್ತಾರು ಡಾಲರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಾಗದಪತ್ರ. ಕೆಲಸಗಾರರ ಪಾಸ್‌ಪೋರ್ಟು ಯಜಮಾನರ ಕಪಾಟಿನಲ್ಲಿರುವುದು ಆ ಕಾಲದಲ್ಲಿ ಸಾಮಾನ್ಯ ಪದ್ಧತಿ. ನಮ್ಮವರೊಬ್ಬರು ಆಗಸ್ಟ್ ಮೂರನೆಯ ವಾರ ತಮ್ಮ ಕಚೇರಿಗೆ ಹೋದಾಗ ಯಜಮಾನರು ದೇಶ ಬಿಟ್ಟಿದ್ದರು, ಕಪಾಟಿಗೆ ಬೀಗ. ಬೀಗ ಒಡೆಯಲು ಮನಸ್ಸು ಬಾರದೆ ಎರಡು ದಿನ ಹಿಂದೆ ಮುಂದೆ ನೋಡಿದರು. ಮೂರನೆಯ ದಿನ ಹೋದಾಗ ಕಚೇರಿಯನ್ನೇ ಯಾರೋ ಲೂಟಿ ಮಾಡಿದ್ದರು, ಕಪಾಟೂ ಇರಲಿಲ್ಲ. ಇಂಥವರಿಗೆ ರಾಯಭಾರ ಕಚೇರಿಯವರು ತುರ್ತು ಪ್ರಯಾಣ ಪತ್ರ ಬರೆದುಕೊಡಬೇಕಾಯಿತು. ಪಾಸ್‌ಪೋರ್ಟಿನ ನಂಬರ್ ಬರೆದಿಟ್ಟುಕೊಂಡವರ ಕೆಲಸ ಬೇಗ ಆಯಿತು. ಬರೆದಿಡದವರು ತಾನು ತಾನೇ ಎಂದು ಸಾಧಿಸಲು ಸರತಿಯಲ್ಲಿ ನಿಂತರು. ಇನ್ನೊಬ್ಬರಿಗೆ ಮಕ್ಕಳ ಜನನ ಪತ್ರ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. "ಅದೆಲ್ಲ ಅವಳಿಗೇ ಗೊತ್ತು" ಎಂದು ಅವರು ಇಡೀ ಮನೆ ಕೆದಕಿದರು. ಅವಳು ಊರಿನಲ್ಲಿ, ಟೆಲಿಫೋನ್ ಇಲ್ಲ.

ಊಟದ ವಿಷಯದಲ್ಲಿ ಕುವೈತಿನವರಿಂದ ಕಲಿಯಬೇಕಾದದ್ದು ಬಹಳ. ಆ ಏಳು ತಿಂಗಳು ಬಡಾವಣೆಯ ಜಮಿಯಾಗಳನ್ನು ಅಲ್ಲಿಯವರೇ ನಿಂತು ನಡೆಸಿದರು. ಪರದೇಶದ ಕೆಲಸಗಾರರು ಹೊರಟುಹೋದಾಗ ಬ್ರೆಡ್ಡಿನ ಕುಲುಮೆಗಳ ಮುಂದೆ ಕುವೈತಿ ತರುಣರೇ ನಿಂತರು. ನಮ್ಮವರೂ ಹಾಗೆಯೇ ಕಟ್ಟಡಕ್ಕೊಂದು ಅಡಿಗೆಯೆಂದು ಮಾಡಿಕೊಂಡರು. ಐದಾರು ಮನೆಯ ಅಕ್ಕಿಬೇಳೆ ಒಂದೆಡೆ ಕೂಡಿಸಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು, ಗ್ಯಾಸ್ ಉಳಿಸಲು ಒಂದೇ ಒಲೆಯಲ್ಲಿ ಬೇಯಿಸಿದರು. ಒಬ್ಬೊಬ್ಬರೇ ಇಟ್ಟುಕೊಂಡಿದ್ದರೆ ಎರಡು ವಾರಕ್ಕೆ ಮುಗಿಯುತ್ತಿದ್ದದ್ದು ಹೀಗೆ ಆರು ವಾರ ಬಂತಂತೆ. ಬಾಗಿಲು ಭದ್ರಪಡಿಸಿಕೊಂಡು ಕೂತವರಿಗಿಂತ ಬಾಗಿಲು ತೆರೆದಿಟ್ಟವರೇ ಹೆಚ್ಚು ದಿನ ಉಂಡರು.

ಆಮೇಲಿನದು ಚರಿತ್ರೆಗೆ ಸೇರಿದೆ. ಆಗಸ್ಟ್ 6ರಂದು ವಿಶ್ವಸಂಸ್ಥೆ ನಿರ್ಬಂಧ ಹೇರಿತು. ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಬಂದುಹೋದರು. ಇಲ್ಲಿ ಮತ್ತುನ್ನಿ ಮ್ಯಾಥ್ಯೂಸರಂಥ ಹಿರಿಯ ಭಾರತೀಯರು ಸಮಿತಿ ಕಟ್ಟಿಕೊಂಡು ಪಟ್ಟಿ ಬರೆದರು, ಬಸ್ಸು ಹೊಂದಿಸಿದರು. ನಮ್ಮ ಜನ ಬಸ್ರಾ, ಬಾಗ್ದಾದ್ ದಾಟಿ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಜೋರ್ಡಾನಿನ ಗಡಿ ಮುಟ್ಟಿ, ಮರುಭೂಮಿಯ ಡೇರೆಗಳಲ್ಲಿ ದಿನ ಕಳೆದು ಅಮ್ಮಾನ್ ಸೇರಿದರು. ಅಲ್ಲಿಂದ ಮುಂಬಯಿಗೆ ಏರ್ ಇಂಡಿಯಾದವರು ಎರಡು ತಿಂಗಳ ಕಾಲ 488 ಹಾರಾಟಗಳಲ್ಲಿ 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಿಸಿದರು. ಹಿಂದೆ ಉಳಿದವರಿಗಾಗಿ ವಿಶ್ವಸಂಸ್ಥೆಯ ಒಪ್ಪಿಗೆ ಪಡೆದು ಸೆಪ್ಟೆಂಬರಿನಲ್ಲಿ ವಿಶ್ವ ಸಿದ್ಧಿ ಎಂಬ ಹಡಗಿನಲ್ಲಿ ಸುಮಾರು 10 ಸಾವಿರ ಟನ್ ಆಹಾರ ಬಂತು. ಒಂದು ಕಾಲಕ್ಕೆ ಹಾಯಿಹಡಗಿನಲ್ಲಿ ಬರುತ್ತಿದ್ದ ಅಕ್ಕಿ ಮತ್ತೊಮ್ಮೆ ಹಡಗಿನಲ್ಲೇ ಬರುವಂತಾಯಿತು.

ಉಳಿದವರು ಇನ್ನೊಂದನ್ನೂ ಕಂಡರು. 1991ರ ಜನವರಿಯಲ್ಲಿ ಕಡಲಿಗೆ ಎಣ್ಣೆ ಹರಿಯಬಿಟ್ಟರು. ಸಮುದ್ರದ ನೀರನ್ನು ಸಿಹಿಮಾಡಿ ಕುಡಿಯುವ ಕರಾವಳಿಗೆಲ್ಲ ಭಯ ಹತ್ತಿತು. ಫೆಬ್ರವರಿಯ ಕೊನೆಗೆ ವಿದ್ಯುತ್ತೂ ನಲ್ಲಿಯ ನೀರೂ ಹೋದುವು. 600ಕ್ಕೂ ಹೆಚ್ಚು ಎಣ್ಣೆ ಬಾವಿಗಳು ಉರಿದು, ಬುರ್ಗಾನಿನ ಕಡೆಯ ಹೊಗೆಯಿಂದ ಅಹ್ಮದಿಯ ಸುತ್ತುಮುತ್ತ ಹಗಲೇ ದೀಪ ಹಚ್ಚುವಂತಾಯಿತು. ಕೊನೆಯ ಬಾವಿಯ ಬೆಂಕಿ ಆರಿದ್ದು ನವೆಂಬರ್ 6ರಂದು. ಸ್ನಾನದ ತೊಟ್ಟಿ, ಬಕೆಟು, ಪಾತ್ರೆಗಳಲ್ಲೆಲ್ಲ ನೀರು ತುಂಬಿಟ್ಟವರು ಆ ದಿನಗಳಲ್ಲಿ ಬದುಕಿದರು. ಬೇಡವೆಂದು ಬಿಟ್ಟಿದ್ದ ಅಂಗಳದ ತೊಟ್ಟಿ ಫ್ಲಾಟಿನ ಬಚ್ಚಲುಮನೆಯಲ್ಲಿ ಮರಳಿ ಹುಟ್ಟಿತು.

ಕಾಗದದ ಬೆಲೆ ಮುಂದೆಯೂ ತಿಳಿಯಿತು. ನಷ್ಟಪರಿಹಾರಕ್ಕಾಗಿ ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಆಯೋಗವೊಂದನ್ನು ಸ್ಥಾಪಿಸಿತು. ದೇಶ ಬಿಡಬೇಕಾಗಿ ಬಂದವರಿಗೆ ಒಂಟಿಯಾದರೆ 2,500, ಸಂಸಾರಕ್ಕೆ 5,000 ಡಾಲರು, ಬೇರೆ ಯಾವ ಬೇಡಿಕೆಯನ್ನೂ ಇಡುವುದಿಲ್ಲವೆಂದು ಒಪ್ಪಿದರೆ 4,000 ಮತ್ತು 8,000 ಎಂದು ಗೊತ್ತುಮಾಡಿದರು. ಅದಕ್ಕೂ ಮೀರಿ ಮನೆ ಸಾಮಾನು, ಬಾಕಿ ಸಂಬಳ, ವಾಹನ ಇವುಗಳ ನಷ್ಟ ಕೇಳಬೇಕಾದರೆ ಆಧಾರ ತೋರಿಸಬೇಕು. ಕೈಚೀಲದಲ್ಲಿ ರಸೀದಿ ಹೊತ್ತು ತಂದವರು ಕೇಳಿದರು, ಪಡೆದರು. ಸೀರೆ, ಟೇಪ್ ರೆಕಾರ್ಡರ್ ಹೊತ್ತು ತಂದವರು ಕೈ ಹಿಸುಕಿಕೊಂಡರು. ಇರಾಕ್ ಆ ಒಟ್ಟು ಪರಿಹಾರದ ಕೊನೆಯ ಕಂತು ಕಟ್ಟಿ ಮುಗಿಸಿದ್ದು 2022ರಲ್ಲಿ. ಕಪಾಟಿನ ಮೇಲಿನ ಕೈಚೀಲ ಹುಟ್ಟಿದ್ದು ಹೀಗೆ.

ಆಮೇಲಿನ ಮೂವತ್ತು ವರ್ಷ

2003ರ ಮಾರ್ಚಿನಲ್ಲಿ ಇರಾಕಿನ ಮೇಲೆ ಯುದ್ಧ ಶುರುವಾದಾಗ ಇಲ್ಲಿ ಮತ್ತೆ ಸೈರನ್ ಕೂಗಿತು. ನೀರು, ಡಬ್ಬಿಯ ಆಹಾರ ಶೇಖರಿಸಿ, ಒಂದು ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಎಂದು ಆಗ ಎಲ್ಲರ ಬಾಯಲ್ಲೂ ಮಾತು. ಮಾರ್ಚ್ 29ರಂದು ಒಂದು ಕ್ಷಿಪಣಿ ಪಟ್ಟಣದ ಸೂಕ್ ಶರ್ಕ್ ಬಳಿ ಬಿತ್ತು. 1990ನ್ನು ಕಂಡವರು ಗಾಬರಿಯಾಗಲಿಲ್ಲ. ಅವರು ಅಂಟುಪಟ್ಟಿ ಕೊಳ್ಳುವ ಮೊದಲು ಪಾಸ್‌ಪೋರ್ಟು ಕೇಳಿ ತಂದುಕೊಂಡಿದ್ದರು.

2018ರ ನವೆಂಬರಿನಲ್ಲಿ ಆಪತ್ತು ಆಕಾಶದಿಂದ ಬಂತು. ಭಾರಿ ಮಳೆಗೆ ಅಹ್ಮದಿ, ಫಹಾಹೀಲಿನ ಕಡೆಯ ರಸ್ತೆಗಳಲ್ಲಿ ಕಾರುಗಳು ಮುಳುಗಿದುವು, ವಿಮಾನ ನಿಲ್ದಾಣ ಮುಚ್ಚಿತು, ಲೋಕೋಪಯೋಗಿ ಮಂತ್ರಿಗಳು ರಾಜೀನಾಮೆ ಕೊಟ್ಟರು. 1934ರ ಹದಾಮಾವನ್ನು ಹಳಬರು ನೆನೆದರು. ನೆಲಮಾಳಿಗೆಯಲ್ಲಿ ಪೆಟ್ಟಿಗೆ ಇಟ್ಟವರ ಕಾಗದಗಳು ಒದ್ದೆಯಾದುವು.

2020ರ ಮಾರ್ಚ್ 13ರಿಂದ ವಿಮಾನಗಳು ನಿಂತುವು, 22ರಿಂದ ಸಂಜೆ ಐದರಿಂದ ಬೆಳಗ್ಗೆ ನಾಲ್ಕರವರೆಗೆ ಕರ್ಫ್ಯೂ, ಏಪ್ರಿಲ್ 6ರಿಂದ ನಮ್ಮ ನೆರೆಯ ಮಹಬೂಲಾಕ್ಕೆ ಪೂರ್ತಿ ದಿಗ್ಬಂಧನ, ಮೇ 10ರಿಂದ 30ರವರೆಗೆ ಇಡೀ ದೇಶಕ್ಕೆ. ಜಮಿಯಾಕ್ಕೆ ಹೋಗಲು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಫಿಂಟಾಸಿನ ಸಂಸಾರಸ್ಥರು ಆ ಇಪ್ಪತ್ತು ದಿನಗಳನ್ನು ಹಪ್ಪಳ, ಉಪ್ಪಿನಕಾಯಿ, ಹುರುಳಿ ಸಾರಿನಲ್ಲಿ ದಾಟಿದರು. ಊರಿನ ಆಟಿಯೇ ಬಂದಂತಾಯಿತು ಎಂದು ಎಷ್ಟೋ ಜನ ನಕ್ಕರು.

ಆದರೆ ಬೇಲಿಯ ಆಚೆ ಮಹಬೂಲಾದಲ್ಲಿ ಒಂದು ಕೋಣೆಗೆ ಆರು, ಎಂಟು ಜನರಂತೆ ಇರುವ ನಮ್ಮ ಹುಡುಗರ ಕಥೆ ಬೇರೆ. ಅವರಿಗಿರುವುದು ಒಂದು ಮಂಚ, ಮಂಚದ ಕೆಳಗೊಂದು ಪೆಟ್ಟಿಗೆ. ತಿಂಗಳ ಅಕ್ಕಿ ಎಲ್ಲಿ ಇಡಬೇಕು? ದಿನಗೂಲಿ ನಿಂತ ಮೇಲೆ ಯಾವ ದುಡ್ಡಿನಲ್ಲಿ ಕೊಳ್ಳಬೇಕು? ಮೆಸ್ಸು ಮುಚ್ಚಿದ ಮೇಲೆ ಯಾವ ಒಲೆಯಲ್ಲಿ ಬೇಯಿಸಬೇಕು? "ಮೊದಲೇ ಸಿದ್ಧರಾಗಿರಿ" ಎಂಬ ಬುದ್ಧಿಮಾತು ಅವರ ಮಟ್ಟಿಗೆ, ಹೊಲವಿಲ್ಲದವನಿಗೆ ಹಗೇವು ತೋಡು ಎಂದಂತೆ. ಆಗ ಅವರನ್ನು ಕಾಪಾಡಿದ್ದು ಸಂಘಸಂಸ್ಥೆಗಳೂ ದಾನಿಗಳೂ ಕಟ್ಟಿ ಕಳುಹಿಸಿದ ಪೊಟ್ಟಣಗಳು.

2024ರ ಜೂನ್ 12ರ ನಸುಕಿನಲ್ಲಿ ನಮಗೆ ತೀರ ಹತ್ತಿರದ ಮಂಗಾಫಿನಲ್ಲಿ ಕೆಲಸಗಾರರ ವಸತಿಯೊಂದಕ್ಕೆ ಬೆಂಕಿ ಬಿತ್ತು. ಸತ್ತವರು ಸುಮಾರು 50 ಜನ, ಅವರಲ್ಲಿ ನಲವತ್ತಕ್ಕೂ ಹೆಚ್ಚು ಭಾರತೀಯರು; ಕಲಬುರಗಿ ಕಡೆಯವರೊಬ್ಬರೂ ಇದ್ದರು. ಹೆಚ್ಚಿನವರ ಪ್ರಾಣ ಹೋದದ್ದು ಸುಟ್ಟು ಅಲ್ಲ, ಹೊಗೆಯಿಂದ. ನಿದ್ದೆಯಲ್ಲಿದ್ದವರಿಗೆ ಮೆಟ್ಟಿಲಲ್ಲಿ ದಾರಿ ಸಿಗಲಿಲ್ಲ. ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡಿದ ನಮ್ಮ ಹಿರಿಯರ ಎಚ್ಚರ ನೆನಪಾಗಿ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಾದ ಒಂದೇ ವಾರಕ್ಕೆ, ಬೇಸಿಗೆಯ ಬೇಡಿಕೆ ತಡೆಯಲಾರದೆ ಬಡಾವಣೆಗಳಿಗೆ ಸರದಿಯಂತೆ ವಿದ್ಯುತ್ ಕಡಿತ ಬಂತು. 2016ರಲ್ಲಿ 53.9 ಡಿಗ್ರಿ ಕಂಡ ನಾಡಿದು. ಇಲ್ಲಿ ಎರಡು ಗಂಟೆ ಏ.ಸಿ. ನಿಲ್ಲುವುದು ಮುದುಕರಿಗೂ ಹಸುಳೆಗಳಿಗೂ ಸಣ್ಣ ಮಾತಲ್ಲ.

ನಾವು ಏನು ಮಾಡಬಹುದು

ಇಷ್ಟು ಚರಿತ್ರೆ ಹೇಳಿದ ಮೇಲೆ ಬರಿಗೈಯಲ್ಲಿ ಮುಗಿಸುವುದು ಸರಿಯಲ್ಲ. ಹಿರಿಯರ ಅನುಭವದಿಂದ ನಮಗೆ ಕಂಡದ್ದನ್ನು ಹೇಳುತ್ತೇವೆ.

ಎರಡು ವಾರಕ್ಕೆ ಸಾಲುವಷ್ಟು ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಹಾಲಿನ ಪುಡಿ ಮನೆಯಲ್ಲಿರಲಿ. ಅದನ್ನು ಮುಟ್ಟದೆ ಇಡಬೇಡಿ. ಹಳೆಯದನ್ನು ಬಳಸುತ್ತ ಹೊಸದನ್ನು ಹಿಂದಕ್ಕೆ ಸೇರಿಸಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಲೆಕ್ಕಹಾಕಿ. ಫ್ರೀಜರಿನ ಮಾಂಸವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕರೆಂಟು ಹೋದರೆ ಅದು ಮೊದಲು ಹೋಗುತ್ತದೆ. ಹಪ್ಪಳ, ಅವಲಕ್ಕಿ, ಹುರಿಗಡಲೆ ಉಳಿಯುತ್ತವೆ. ನಿತ್ಯದ ಔಷಧಿ ಒಂದು ತಿಂಗಳದ್ದು ಮುಂಗಡವಾಗಿರಲಿ. ಟಾರ್ಚು, ಸೆಲ್ಲು, ಒಂದು ಸಣ್ಣ ರೇಡಿಯೋ ಇರಲಿ. ಮೊಬೈಲಿನಲ್ಲಿ ಎಲ್ಲ ಇದೆ ಎನ್ನುವವರು ಗೋಪುರವೇ ನಿಂತರೆ ಏನು ಮಾಡುವುದೆಂದು ಒಮ್ಮೆ ಯೋಚಿಸಲಿ. ಮನೆಯೊಳಗೆ ಇದ್ದಲು ಉರಿಸಬೇಡಿ, ಗ್ಯಾಸ್ ಸಿಲಿಂಡರುಗಳನ್ನು ರಾಶಿ ಹಾಕಬೇಡಿ. ಮೆಟ್ಟಿಲಲ್ಲಿ ಹಳೆಯ ಸೋಫಾ, ರಟ್ಟಿನ ಡಬ್ಬ ಇಡಬೇಡಿ. ಮೇಲ್ಛಾವಣಿಯ ಬಾಗಿಲಿಗೆ ಬೀಗವಿದ್ದರೆ ಹಾರಿಸನನ್ನು ಇವತ್ತೇ ಕೇಳಿ.

ಪಾಸ್‌ಪೋರ್ಟು ನಿಮ್ಮ ಕೈಯಲ್ಲಿರಲಿ, ಅದು ನಿಮ್ಮದೇ. ಎಲ್ಲ ಕಾಗದಗಳ ನಕಲು ಒಂದು ಕೈಚೀಲದಲ್ಲಿ, ಇನ್ನೊಂದು ಊರಿನಲ್ಲಿ. ಯಾವುದು ಎಲ್ಲಿದೆಯೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿರಲಿ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಇವಿಷ್ಟೂ ಮಾಡಿದರೂ ಅರ್ಧ ಕೆಲಸ ಮಾತ್ರ ಆದ ಹಾಗೆ. ಉಳಿದರ್ಧ ಕಪಾಟಿನಲ್ಲಿ ಇಡುವಂಥದಲ್ಲ. ನಿಮ್ಮ ಕಟ್ಟಡದಲ್ಲಿ ಒಂಟಿಯಾಗಿರುವ ದಾದಿ ಯಾರು, ಸಕ್ಕರೆ ಕಾಯಿಲೆಯ ಮುದುಕರು ಯಾವ ಮಹಡಿಯಲ್ಲಿದ್ದಾರೆ, ಹಿಂದಿನ ಬೀದಿಯ ಕೋಣೆಯಲ್ಲಿರುವ ರಾಯಚೂರಿನ ನಾಲ್ಕು ಹುಡುಗರ ಹೆಸರೇನು, ಇದು ಗೊತ್ತಿಲ್ಲದೆ ಎಷ್ಟು ಅಕ್ಕಿ ಇದ್ದರೂ ಅದು ಒಂದು ಮನೆಯ ಅಕ್ಕಿ ಮಾತ್ರ. 1990ರಲ್ಲಿ ಎರಡು ವಾರದ ಅಕ್ಕಿ ಆರು ವಾರ ಬಂದದ್ದು ಗೊತ್ತಿದ್ದವರ ನಡುವೆ.

ಆದ್ದರಿಂದ ಒಂದು ವಿನಂತಿ. ಈ ಸಂಚಿಕೆಯ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದೇವೆ. ಮನೆಯ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್, ರಕ್ತದ ಗುಂಪು, ಊರಿನ ಒಂದು ವಿಳಾಸ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ. ಕೆಳಗಡೆ ಮೂರು ಗೆರೆಗಳು ಹೆಚ್ಚಿಗೆ ಇವೆ. ಅವು ನಿಮ್ಮ ಮನೆಯವರಿಗಲ್ಲ. ಆಪತ್ತು ಬಂದಾಗ ನೀವು ಹೋಗಿ ಬಾಗಿಲು ತಟ್ಟಬೇಕಾದ ಮೂವರ ಹೆಸರಿಗೆ. ಆ ಮೂರು ಗೆರೆ ತುಂಬಿಸಲು ಹೆಸರು ಸಾಲದಿದ್ದರೆ, ಬರುವ ಶುಕ್ರವಾರ ಒಂದು ಡಬ್ಬಿ ಉಪ್ಪಿನಕಾಯಿ ಹಿಡಿದುಕೊಂಡು ಹಿಂದಿನ ಬೀದಿಗೆ ಹೋಗಿ ಬನ್ನಿ.